ಕೆಟ್ಟ ವಾರದ ಅಂಕಿ: ಒಂದು ಸಿಒಪಿಡಿ ಪ್ರಕರಣ ಮತ್ತು ‘ಇನ್ನೆಷ್ಟು ವರ್ಷ?’ ಎಂಬ ಪ್ರಶ್ನೆ

ಹೆಸರು, ಊರು, ಮನೆಯವರ ಗುರುತು ಸಿಗುವಂಥ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ. ರೋಗಿಯನ್ನು ಸಾವಿತ್ರಮ್ಮ ಅನ್ನೋಣ. ಅವರಿಗಿದ್ದದ್ದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿ ಸರಾಗವಾಗಿ ಹೊರಹೋಗದಂತಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಮಲೆನಾಡಿನ ಒಂದು ಅಡಿಕೆ ತೋಟದ ಮನೆಯವರು. ಮೊದಲ ಸಲ ಆಸ್ಪತ್ರೆ ಸೇರಿದಾಗ ಅವರಿಗೆ 61 ವರ್ಷ. ಎತ್ತರ 152 ಸೆಂ.ಮೀ., ತೂಕ 41 ಕೆ.ಜಿ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮನೆಯಲ್ಲಿ ಸೇದುವವರೂ ಇರಲಿಲ್ಲ.

ಹಿನ್ನೆಲೆ

ಹತ್ತು ವರ್ಷದಿಂದ ಕೆಮ್ಮು ಇತ್ತು. ಬೆಳಿಗ್ಗೆ ಕಫ. ಮೊದಲು ‘ಥಂಡಿ’ ಅಂದರು, ಆಮೇಲೆ ‘ಅಲರ್ಜಿ’ ಅಂದರು, ಕೊನೆಗೆ ‘ಅಸ್ತಮಾ’ ಎಂಬ ಹೆಸರು ನಿಂತಿತು. ದಮ್ಮು ಜಾಸ್ತಿಯಾದಾಗ ಪೇಟೆಯ ಮೆಡಿಕಲ್ ಶಾಪಿನಿಂದ ನಾಲ್ಕೈದು ದಿನದ ಮಾತ್ರೆ ತರಿಸುತ್ತಿದ್ದರು. ಅದರಲ್ಲಿ ಸ್ಟೀರಾಯ್ಡ್ ಇರುತ್ತಿತ್ತು, ಹಾಗಾಗಿ ಬೇಗ ಹಗುರಾಗುತ್ತಿತ್ತು. ಯಾರೋ ಒಮ್ಮೆ ಇನ್‌ಹೇಲರ್ ಬರೆದುಕೊಟ್ಟಿದ್ದರು. ‘ಅದು ಅಭ್ಯಾಸ ಆಗಿಬಿಡುತ್ತೆ’ ಎಂದು ನೆಂಟರೊಬ್ಬರು ಹೇಳಿದ ಮೇಲೆ ಅದು ಗೋಡೆಯ ಗೂಡು ಸೇರಿತು. ಈ ಹತ್ತು ವರ್ಷದಲ್ಲಿ ಒಮ್ಮೆಯೂ ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ, ಆಗಿರಲಿಲ್ಲ.

ಇದು ಅಪರೂಪದ ಕತೆಯಲ್ಲ. ಸಿಒಪಿಡಿ ಅಂದರೆ ಬೀಡಿ ಸೇದುವ ಗಂಡಸರ ಕಾಯಿಲೆ ಎಂಬ ನಂಬಿಕೆ ಜನರಲ್ಲೂ ಇದೆ, ನಮ್ಮ ವೈದ್ಯರಲ್ಲೂ ಇದೆ. ಸೇದದ ಹೆಂಗಸು ಕೆಮ್ಮಿದರೆ ಅಸ್ತಮಾ ಎಂದು ಬರೆದು ಮುಂದಿನ ರೋಗಿಯನ್ನು ಕರೆಯುತ್ತೇವೆ. ಒಲೆಯ ಹೊಗೆಯನ್ನು ಲೆಕ್ಕ ಹಾಕುವ ಒಂದು ಸುಲಭ ಕ್ರಮವಿದೆ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಕೂರುತ್ತಾರೆ ಎಂಬುದನ್ನು ಎಷ್ಟು ವರ್ಷ ಕೂತಿದ್ದಾರೆ ಎಂಬುದರಿಂದ ಗುಣಿಸುವುದು. ಮೈಸೂರು ಭಾಗದ ಹಳ್ಳಿಯ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಈ ಅಂಕಿ 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಾಳದ ಊತದಿಂದ ಕಫ-ಕೆಮ್ಮು, ಬರುವ ಸಾಧ್ಯತೆ ಹೆಚ್ಚು ಎಂದು ಕಂಡಿತ್ತು. ಸಾವಿತ್ರಮ್ಮ ಹದಿನೆಂಟಕ್ಕೆ ಮದುವೆಯಾಗಿ ಬಂದವರು. ದಿನಕ್ಕೆ ನಾಲ್ಕು ಗಂಟೆ, ಸುಮಾರು ಮೂವತ್ತು ವರ್ಷ. 120 ಆಯಿತು. ಅಡಿಕೆ ಬೇಯಿಸುವ ಕಾಲದ ಹೊಗೆ ಇದರಲ್ಲಿ ಸೇರಿಲ್ಲ.

ಆ ಡಿಸೆಂಬರ್

ಅಡಿಕೆ ಕೊಯ್ಲಿನ ನಡುವೆ ಜ್ವರ ಬಂತು, ಕಫ ಹಸಿರಾಯಿತು. ಮೂರನೇ ದಿನ ಮಾತು ಪೂರ್ತಿ ಮಾಡಲಾಗದಷ್ಟು ದಮ್ಮು. ಊರಿಗೆ ಹತ್ತಿರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಆಂಟಿಬಯಾಟಿಕ್, ನೆಬ್ಯುಲೈಸರ್, ಆಕ್ಸಿಜನ್ ಎಲ್ಲ ಸರಿಯಾಗಿಯೇ ಆಯಿತು. ಎಂಟನೇ ದಿನ ಮನೆಗೆ ಕಳಿಸುವ ಮುಂಚೆ ಊದಿಸಿದರು, ನಡೆಸಿದರು. ಡಿಸ್ಚಾರ್ಜ್ ಹಾಳೆಯಲ್ಲಿ ಇದ್ದದ್ದು ಇಷ್ಟು. ಒಂದು ಸೆಕೆಂಡಿನಲ್ಲಿ ಊದಿದ ಗಾಳಿ, ಅಂದರೆ ಎಫ್‌ಇವಿ-1, ಇರಬೇಕಾದದ್ದರ ಶೇಕಡ 34. ಆರು ನಿಮಿಷದಲ್ಲಿ ನಡೆದ ದೂರ 160 ಮೀಟರ್. ಸೀರೆ ಉಡುವಾಗಲೂ ದಮ್ಮು. ಆಕ್ಸಿಜನ್ ಇಲ್ಲದೆ ರಕ್ತದ ಆಕ್ಸಿಜನ್ ಮಟ್ಟ 86. ಮನೆಯಲ್ಲಿ ಆಕ್ಸಿಜನ್ ನಿಮಿಷಕ್ಕೆ 1ರಿಂದ 2 ಲೀಟರ್ ಕೊಡಿ ಎಂದು ಬರೆದಿತ್ತು. ರೋಗದ ಹೆಸರು ಮೊದಲ ಬಾರಿಗೆ ಸಿಒಪಿಡಿ ಎಂದಾಯಿತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡ ಮಗ ಈ ಹಾಳೆಯ ಫೋಟೋ ತರಿಸಿಕೊಂಡ. ಓದಿದ ಹುಡುಗ, ಸುಮ್ನೆ ಕೂರುವವನಲ್ಲ. ಅಂತರ್ಜಾಲದಲ್ಲಿ ಬೋಡ್ ಎಂಬ ಲೆಕ್ಕಯಂತ್ರ ಸಿಕ್ಕಿತು. ತೂಕ, ಊದುವ ಶಕ್ತಿ, ದಮ್ಮಿನ ಮಟ್ಟ, ನಡೆಯುವ ದೂರ ಎಂಬ ನಾಲ್ಕು ಮಾಹಿತಿ ಕೊಟ್ಟರೆ 0ಯಿಂದ 10ರವರೆಗೆ ಒಂದು ಅಂಕ ಕೊಡುತ್ತದೆ. ಅಮ್ಮನಿಗೆ 9 ಬಂತು. ಪಕ್ಕದಲ್ಲೇ ಬರೆದಿತ್ತು: 7ರಿಂದ 10 ಅಂಕದವರಲ್ಲಿ ನಾಲ್ಕು ವರ್ಷದ ನಂತರ ಬದುಕಿರುವವರು ಶೇಕಡ 18.

ಆ ಅಂಕಿ ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ಅಮ್ಮನಿಗೆ ಯಾರೂ ಹೇಳಲಿಲ್ಲ. ಆದರೆ ಮನೆ ನಡೆಯುವ ರೀತಿಯೇ ಬದಲಾಯಿತು. ಸೊಸೆ ಅತ್ತೆಯನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ತಟ್ಟೆ ಮಂಚಕ್ಕೇ ಬರುತ್ತಿತ್ತು. ಹಾಲು ಮೊಸರು ಕಫ ಮಾಡುತ್ತವೆ ಎಂದು ನಿಲ್ಲಿಸಿದರು, ಬರೀ ಗಂಜಿ. ನೆಂಟರು ನೋಡಲು ಬರತೊಡಗಿದರು. ಇದೆಲ್ಲ ಪ್ರೀತಿಯಿಂದಲೇ ಆದದ್ದು. ಎರಡು ವಾರದಲ್ಲಿ ಅವರ ತೊಡೆಯ ಸ್ನಾಯು ಇನ್ನಷ್ಟು ಕರಗಿತು. ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಕೆಲಸವಾಯಿತು. ಮೊದಲೇ ಶ್ವಾಸಕೋಶ ಸೋತವರಿಗೆ ಕಾಲಿನ ಸ್ನಾಯುವೂ ಸೋತರೆ ಅದೇ ದೂರ ನಡೆಯಲು ಇನ್ನೂ ಜಾಸ್ತಿ ಉಸಿರು ಬೇಕು.

ಆಕ್ಸಿಜನ್ ಜಾಸ್ತಿ ಆದದ್ದು

ಮಕ್ಕಳು ಸೇರಿ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಕೊಂಡರು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಬಂತು. ಅದರಲ್ಲಿ 90 ತೋರಿಸಿದರೆ ಯಜಮಾನರಿಗೆ ಗಾಬರಿ. ಕೋವಿಡ್ ಕಾಲದಲ್ಲಿ 94ಕ್ಕಿಂತ ಕಡಿಮೆಯಾದರೆ ಆಸ್ಪತ್ರೆಗೆ ಓಡಿ ಎಂದು ಎಲ್ಲರ ತಲೆಯಲ್ಲಿ ಕೂತಿದೆ, ಅಲ್ವಾ? ಅವರು ರಾತ್ರಿ ಗುಂಡಿ ತಿರುಗಿಸಿ 5 ಲೀಟರ್ ಇಟ್ಟರು. 98 ಬಂತು. ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಸಾವಿತ್ರಮ್ಮನಿಗೆ ತಲೆನೋವು, ಮಂಪರು. ಎರಡನೇ ದಿನ ಕರೆದರೆ ‘ಹೂಂ’ ಎಂದು ಮತ್ತೆ ಕಣ್ಣು ಮುಚ್ಚುತ್ತಿದ್ದರು. ಮೂರನೇ ದಿನ ಎಬ್ಬಿಸಲು ಆಗಲಿಲ್ಲ. ಅವರು ನಮ್ಮಲ್ಲಿಗೆ ಬಂದದ್ದು ಆಗ.

ತೀವ್ರ ಸಿಒಪಿಡಿ ಇರುವ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಅಂಥವರಿಗೆ ಆಕ್ಸಿಜನ್ ಲೆಕ್ಕ ಮೀರಿ ಕೊಟ್ಟರೆ ಅದು ಇನ್ನೂ ಏರುತ್ತದೆ. ಆಕ್ಸಿಮೀಟರ್ ಇದನ್ನು ತೋರಿಸುವುದಿಲ್ಲ. ಅದು ಸಮಾಧಾನವಾಗಿ 98 ಎನ್ನುತ್ತಿರುತ್ತದೆ. ಹಾಗಾಗಿಯೇ ಇವರಿಗೆ ಗುರಿ 88ರಿಂದ 92 ಎಂದು ಇಟ್ಟಿರುವುದು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸುಗಳಲ್ಲೇ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಆಕ್ಸಿಜನ್ ಅಳೆದು ಕೊಟ್ಟವರಲ್ಲಿ ಸಾವು, ಧಾರಾಳವಾಗಿ ಕೊಟ್ಟವರಿಗಿಂತ ಅರ್ಧಕ್ಕೂ ಕಡಿಮೆ ಇತ್ತು.

ಸಾವಿತ್ರಮ್ಮನನ್ನು ಐಸಿಯುನಲ್ಲಿ ಇಟ್ಟು ಬೈಪ್ಯಾಪ್ ಹಾಕಿದೆವು. ಗಂಟಲಿಗೆ ಕೊಳವೆ ಇಲ್ಲದೆ ಮಾಸ್ಕಿನ ಮೂಲಕ ಉಸಿರಿಗೆ ಒತ್ತಾಸೆ ಕೊಡುವ ಯಂತ್ರ ಅದು. ಮೂರನೇ ದಿನ ಎಚ್ಚರವಾಗಿ ಕಾಫಿ ಕೇಳಿದರು. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತು, ‘ನಾನೇ ಹೀಗ್ ಮಾಡ್ದೆನಾ ಡಾಕ್ಟ್ರೇ’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹಾಳೆಯಲ್ಲಿ ‘1ರಿಂದ 2 ಲೀಟರ್’ ಎಂದಿತ್ತು ನಿಜ. ಯಾಕೆ ಅಷ್ಟೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಔಷಧಿಗೆ ಮಿತಿ ಇರುತ್ತದೆ ಎಂಬುದು ಜನರಿಗೆ ಗೊತ್ತು. ಆಕ್ಸಿಜನ್ ಕೂಡ ಔಷಧಿ ಎಂಬುದು ಗೊತ್ತಿರುವುದಿಲ್ಲ.

ಲೆಕ್ಕವನ್ನು ಪಕ್ಕಕ್ಕಿಟ್ಟದ್ದು

ಡಿಸ್ಚಾರ್ಜಿನ ಹಿಂದಿನ ದಿನ ಮಗ ಬಂದ. ಫೋನ್ ತೆಗೆದು ಎರಡು ಅಂಕಿ ತೋರಿಸಿದ. ಒಂದು ಆ ಶೇಕಡ 18. ಇನ್ನೊಂದು, ತೀವ್ರ ಸಿಒಪಿಡಿಯಿಂದ ಆಯಸ್ಸಿನಲ್ಲಿ 5.8 ವರ್ಷ ಕಡಿಮೆಯಾಗುತ್ತದೆ ಎಂಬುದು. ‘ಎರಡರಲ್ಲಿ ಯಾವುದನ್ನ ನಂಬ್ಬೇಕು ಸರ್?’ ಎಂದ.

ಒಳ್ಳೆಯ ಪ್ರಶ್ನೆ. ನಮ್ಮ ಉತ್ತರ, ಸದ್ಯಕ್ಕೆ ಎರಡನ್ನೂ ಬೇಡ. ಕಾರಣಗಳನ್ನು ಕೂತು ಹೇಳಿದೆವು.

5.8 ವರ್ಷ ಎಂಬುದು ಅಮೆರಿಕದ ಸಮೀಕ್ಷೆಯೊಂದರಿಂದ ಬಂದ ಅಂಕಿ, 2009ರಲ್ಲಿ ಪ್ರಕಟವಾದದ್ದು. 65 ವಯಸ್ಸಿನ, ಈಗಲೂ ಸಿಗರೇಟು ಸೇದುತ್ತಿರುವ ಗಂಡಸರಿಗೆ ಅದು ಅನ್ವಯ. ಸಿಗರೇಟಿನಿಂದಲೇ ಹೋಗುವ 3.5 ವರ್ಷ ಬೇರೆ. ಅದೇ ಅಧ್ಯಯನದಲ್ಲಿ ಎಂದೂ ಸೇದದವರಿಗೆ, ಅಷ್ಟೇ ತೀವ್ರ ಕಾಯಿಲೆಯಲ್ಲಿ, ಕಳೆಯುವುದು 1.3 ವರ್ಷ. ಹಾಗಂತ ಸಾವಿತ್ರಮ್ಮನಿಗೆ 1.3 ಎಂದು ಬರೆಯಲೂ ಬರುವುದಿಲ್ಲ. ಅಲ್ಲಿನ ವಿಂಗಡಣೆ ಸೇದುವವರು, ಬಿಟ್ಟವರು, ಸೇದದವರು ಎಂದು ಮಾತ್ರ. ಒಲೆ ಮುಂದೆ ಮೂವತ್ತು ವರ್ಷ ಕೂತವರಿಗೆ ಅಲ್ಲಿ ಜಾಗವಿಲ್ಲ.

ಬೋಡ್ ಲೆಕ್ಕದ ವಿಚಾರ ಇನ್ನೂ ಮುಖ್ಯ. ಅದು 2004ರಲ್ಲಿ ಬಂದದ್ದು, ಗಟ್ಟಿಯಾದ ಕೆಲಸವೇ. ಬರೀ ಊದುವ ಅಂಕಿ ನೋಡಿ ಆಯಸ್ಸು ಹೇಳುವುದಕ್ಕಿಂತ ಈ ನಾಲ್ಕನ್ನೂ ಸೇರಿಸಿ ನೋಡುವುದು ಮೇಲು ಎಂದು ತೋರಿಸಿತು. ಆದರೆ ಅದನ್ನು ಕಟ್ಟಿದ್ದು ಕಾಯಿಲೆ ಒಂದು ಮಟ್ಟಕ್ಕೆ ನಿಂತಿರುವ, ಸರಿಯಾದ ಔಷಧಿಯಲ್ಲಿರುವ ರೋಗಿಗಳನ್ನು ಅಳೆದು. ಸಾವಿತ್ರಮ್ಮನನ್ನು ಅಳೆದದ್ದು ಸೋಂಕಿನ ಎಂಟನೇ ದಿನ. ಶ್ವಾಸನಾಳ ಊದಿಕೊಂಡಿತ್ತು, ಕಫ ತುಂಬಿತ್ತು, ವಾರವಿಡೀ ಮಲಗಿದ್ದ ಕಾಲು. ಇನ್‌ಹೇಲರ್ ಅಂತೂ ಶುರುವೇ ಆಗಿರಲಿಲ್ಲ. ಆ ದಿನ ಯಾರನ್ನು ಅಳೆದರೂ ಕೆಟ್ಟ ಅಂಕಿಯೇ ಬರುತ್ತದೆ. ಅಳೆದದ್ದು ಯಾವ ದಿನ ಎಂದು ಫೋನಿನ ಲೆಕ್ಕಯಂತ್ರ ಕೇಳುವುದಿಲ್ಲ.

ಹೀಗೆಂದು ಪರಿಸ್ಥಿತಿ ಹಗುರ ಎಂದು ನಾವು ಹೇಳಲಿಲ್ಲ. ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆ ಸೇರುವುದೇ ಆಯಸ್ಸಿನ ದೃಷ್ಟಿಯಿಂದ ದೊಡ್ಡ ತಿರುವು. ಕೆನಡಾದ ಕ್ವಿಬೆಕ್‌ನಲ್ಲಿ ಸಾವಿರಾರು ರೋಗಿಗಳನ್ನು ಹಿಂಬಾಲಿಸಿ ನೋಡಿದಾಗ, ಹೀಗೆ ಮೊದಲ ಸಲ ಆಸ್ಪತ್ರೆ ಸೇರಿದ 3.6 ವರ್ಷದೊಳಗೆ ಅರ್ಧದಷ್ಟು ಜನ ತೀರಿಕೊಂಡಿದ್ದರು. ಒಂದೊಂದು ದಾಖಲಾತಿಯಾದ ಮೇಲೂ ಮುಂದಿನದು ಬೇಗ ಬರುತ್ತದೆ. ಹಾಗಾಗಿ ‘ಎಷ್ಟು ವರ್ಷ’ ಎಂಬ ಪ್ರಶ್ನೆಗೆ ಬದಲು ‘ಮುಂದಿನ ದಾಖಲಾತಿಯನ್ನು ಹೇಗೆ ತಪ್ಪಿಸೋದು’ ಎಂಬ ಕೆಲಸ ಹಿಡಿಯೋಣ, ಮೂರು ತಿಂಗಳ ಮೇಲೆ ಮತ್ತೆ ಅಳೆಯೋಣ ಎಂದು ಒಪ್ಪಂದವಾಯಿತು. ಮನೆಗೆ ಬರೆದುಕೊಟ್ಟ ಆಕ್ಸಿಜನ್ನಿಗೂ ಇದೇ ನಿಯಮ. ಎರಡು, ಮೂರು ತಿಂಗಳಲ್ಲಿ ಮತ್ತೆ ನೋಡಲೇಬೇಕು.

ಮಾಡಿದ್ದೇನು

ಮೊದಲು ಇನ್‌ಹೇಲರ್. ಪುಡಿಯ ಇನ್‌ಹೇಲರಿಗೆ ಜೋರಾಗಿ ಎಳೆಯುವ ಶಕ್ತಿ ಬೇಕು, ಅದು ಅವರಿಗಿರಲಿಲ್ಲ. ಸ್ಪೇಸರ್, ಅಂದರೆ ಔಷಧಿಯನ್ನು ನಿಧಾನ ಎಳೆದುಕೊಳ್ಳಲು ನೆರವಾಗುವ ಪ್ಲಾಸ್ಟಿಕ್ ಡಬ್ಬಿ, ಹಾಕಿ ಪಂಪ್ ಕೊಟ್ಟೆವು. ದಿನಾ ತೆಗೆದುಕೊಳ್ಳುವ, ಉದ್ದಕ್ಕೂ ಕೆಲಸ ಮಾಡುವ ಔಷಧಿ. ಬಾಯಿ ಮುಕ್ಕಳಿಸುವುದನ್ನು ಸೊಸೆಗೆ ಹೇಳಿದೆವು. ಮೆಡಿಕಲ್ ಶಾಪಿನ ಮಾತ್ರೆ ನಿಲ್ಲಿಸಿದೆವು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿದೆವು.

ಆಮೇಲೆ ನಡಿಗೆ. ಪಲ್ಮನರಿ ರಿಹ್ಯಾಬ್ (ಶ್ವಾಸಕೋಶದ ರೋಗಿಗಳಿಗೆ ಕೊಡುವ ವ್ಯಾಯಾಮದ ತರಬೇತಿ) ಎಂದರೆ ಜನ ಯಂತ್ರಗಳಿರುವ ಕೋಣೆ ಅಂದುಕೊಳ್ಳುತ್ತಾರೆ. ನಮ್ಮ ಫಿಸಿಯೋಥೆರಪಿಸ್ಟ್ ಅಡಿಕೆ ಒಣಗಿಸುವ ಅಂಗಳವನ್ನೇ ಬಳಸಿದರು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆ, ಕುರ್ಚಿಯಲ್ಲಿ ಕೂರು, ಮತ್ತೆ ಏಳು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಎತ್ತು. ದಮ್ಮು ಬಂದಾಗ ಬಿಸಿ ಹಾಲು ಆರಿಸುವ ಹಾಗೆ ತುಟಿ ಮುಂದೆ ಮಾಡಿ ನಿಧಾನ ಊದು. ಮೊದಲ ವಾರ ಸೊಸೆ ಅಳುತ್ತಾ ಫೋನ್ ಮಾಡಿದ್ದರು, ‘ಅತ್ತೆಗೆ ದಮ್ಮು ಬರ್ತಿದೆ, ನಿಲ್ಸೋದಾ?’ ಎಂದು. ದಮ್ಮು ಬರುವುದು ಅಪಾಯವಲ್ಲ, ಎರಡು ನಿಮಿಷ ಕೂತು ಮತ್ತೆ ಶುರು ಮಾಡಿ ಎಂದು ಹೇಳಬೇಕಾಯಿತು. ಈ ಒಂದು ಮಾತನ್ನು ಮನೆಯವರಿಗೆ ಒಪ್ಪಿಸುವುದೇ ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಎಂದು ನನ್ನ ಅನಿಸಿಕೆ.

ಊಟದಲ್ಲಿ ಮೊಸರು ವಾಪಸ್ ಬಂತು. ಹೆಸರುಕಾಳು, ಕಡಲೆಬೀಜ, ತುಪ್ಪ. ಹೊಟ್ಟೆ ತುಂಬಾ ಉಂಡರೆ ಎದೆ, ಹೊಟ್ಟೆಯ ನಡುವಿನ ವಪೆ ಮೇಲೆ ಒತ್ತಿ ಉಸಿರು ಕಟ್ಟುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪ, ಐದಾರು ಸಲ.

ಹೊಗೆಯ ಬಗ್ಗೆ ಕೇಳಿದಾಗಲೆಲ್ಲ ಉತ್ತರ ಒಂದೇ. ‘ಒಲೆ ಬಿಟ್ಟು ಹನ್ನೆರಡು ವರ್ಷ ಆಯ್ತು, ಗ್ಯಾಸೇ ಇರೋದು.’ ಆದರೆ ಎರಡು ತಿಂಗಳಾದರೂ ಬೆಳಗಿನ ಕೆಮ್ಮು ಇಳಿಯಲಿಲ್ಲ. ಫಿಸಿಯೋಥೆರಪಿಸ್ಟ್ ಒಂದು ದಿನ ಬೆಳಿಗ್ಗೆ ಏಳಕ್ಕೆ ಮನೆಗೆ ಹೋದರು. ಸಾವಿತ್ರಮ್ಮ ಬಚ್ಚಲೊಲೆಯ ಮುಂದೆ ಕೂತು ಹಂಡೆಗೆ ಬೆಂಕಿ ಹಾಕುತ್ತಿದ್ದರು. ಒಣಗಿದ ಸೋಗೆ, ಅಡಿಕೆ ಸಿಪ್ಪೆ, ಹಸಿ ಸೌದೆ. ಒಂದೇ ಸಣ್ಣ ಕಿಟಕಿ. ಚಳಿಗೆ ಅಲ್ಲಿ ಬೆಚ್ಚಗಿರುತ್ತದೆ ಎಂದು ದಿನಾ ಒಂದೂವರೆ ಗಂಟೆ ಅಲ್ಲೇ ಕೂರುತ್ತಿದ್ದರಂತೆ. ಅವರು ಸುಳ್ಳು ಹೇಳಿರಲಿಲ್ಲ. ಅಡುಗೆ ಯಾವುದರಲ್ಲಿ ಎಂದು ಕೇಳಿದ್ದೆವು, ಅವರು ಅಡುಗೆಯದ್ದೇ ಹೇಳಿದ್ದರು. ಮಲೆನಾಡಿನಲ್ಲಿ ಗ್ಯಾಸ್ ಬಂದದ್ದು ಅಡುಗೆಮನೆಗೆ. ಸ್ನಾನದ ನೀರು, ಅಡಿಕೆ ಬೇಯಿಸುವುದು, ಎಷ್ಟೋ ಕಡೆ ದನಕ್ಕೆ ಬಿಸಿ ಮಾಡಿ ಕೊಡುವ ಬಾಯಾರು, ಇವೆಲ್ಲ ಇನ್ನೂ ಸೌದೆಯಲ್ಲೇ.

ಸೋಲಾರ್ ಹಾಕಿಸಿದರು. ಮಳೆಗಾಲದಲ್ಲಿ ಅದು ಕೆಲಸಕ್ಕೆ ಬಾರದು ಎಂಬುದು ಅಲ್ಲಿನವರಿಗೆಲ್ಲ ಗೊತ್ತು. ಹಾಗಾಗಿ ಒಲೆಯ ಬಾಯಿಯನ್ನು ಹೊರಗಿನ ಗೋಡೆಗೆ ತಿರುಗಿಸಿ ಹೊಗೆ ಕೊಳವೆ ಕಟ್ಟಿಸಿದರು. ಬೆಂಕಿ ಹಾಕುವ ಕೆಲಸ ಯಜಮಾನರದ್ದಾಯಿತು. ಅಡಿಕೆ ಬೇಯಿಸುವ ವಾರಗಳಲ್ಲಿ ಸಾವಿತ್ರಮ್ಮ ತಂಗಿಯ ಮನೆಗೆ ಹೋಗುವುದೆಂದು ನಿರ್ಧಾರವಾಯಿತು. ಇದಕ್ಕೆ ಒಪ್ಪಲು ಅವರು ಬಹಳ ಸತಾಯಿಸಿದರು. ಕೊಯ್ಲಿನ ಹೊತ್ತಿಗೆ ಮನೆ ಬಿಟ್ಟು ಹೋಗುವುದೆಂದರೇನು!

ಮತ್ತೆ ಅಳೆದಾಗ

ಮೂರು ತಿಂಗಳ ನಂತರ ತೂಕ 45 ಕೆ.ಜಿ. ಊದುವ ಶಕ್ತಿ ಶೇಕಡ 41. ಆರು ನಿಮಿಷದ ನಡಿಗೆ 290 ಮೀಟರ್. ಸಮತಟ್ಟಿನಲ್ಲಿ ಓರಗೆಯವರಿಗಿಂತ ನಿಧಾನ ನಡೆಯುತ್ತಿದ್ದರು, ಆದರೆ ಸೀರೆ ಉಡುವಾಗ ದಮ್ಮಿರಲಿಲ್ಲ. ಬೋಡ್ ಅಂಕ 9ರಿಂದ 5ಕ್ಕೆ ಇಳಿಯಿತು. 5–6ರ ಗುಂಪಿನಲ್ಲಿ ನಾಲ್ಕು ವರ್ಷದ ನಂತರ ಬದುಕಿರುವವರು ಶೇಕಡ 57.

ಶ್ವಾಸಕೋಶ ವಾಪಸ್ ಬೆಳೆಯಿತು ಎಂದಲ್ಲ. ಹೋದದ್ದು ಹೋಯಿತು. ಊತ ಇಳಿದು, ಔಷಧಿ ಒಳಗೆ ಮುಟ್ಟಿ, ಶೇಕಡ 7 ಮಾತ್ರ ಮರಳಿತ್ತು. ಅಂಕ ಇಳಿಸಿದ್ದು ಮುಖ್ಯವಾಗಿ ಕಾಲು. ನಡಿಗೆಯ ದೂರ ಮತ್ತು ದಮ್ಮಿನ ಮಟ್ಟ ಎರಡರಿಂದಲೇ ಮೂರು ಅಂಕ ಕಡಿಮೆಯಾಗಿತ್ತು.

ಆಕ್ಸಿಜನ್ ಇಲ್ಲದೆ ಮಟ್ಟ 91 ಇತ್ತು. 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ ದಿನಕ್ಕೆ 15 ಗಂಟೆ ಮೀರಿ ಆಕ್ಸಿಜನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ. ಇದು 1980 ಮತ್ತು 1981ರ ಎರಡು ಹಳೆಯ ಅಧ್ಯಯನಗಳಿಂದ ಗೊತ್ತಾದದ್ದು. ಸಿಒಪಿಡಿಯಲ್ಲಿ ಆಯಸ್ಸು ಹೆಚ್ಚಿಸುತ್ತದೆ ಎಂದು ಖಚಿತವಾಗಿ ಹೇಳಬಹುದಾದ ಕೆಲವೇ ಚಿಕಿತ್ಸೆಗಳಲ್ಲಿ ಅದೂ ಒಂದು. ಆದರೆ 89ರಿಂದ 93ರ ನಡುವೆ ಇರುವವರಿಗೆ ಕೊಟ್ಟರೆ ಲಾಭವಿಲ್ಲ ಎಂದು 2016ರ ಅಧ್ಯಯನ ತೋರಿಸಿದೆ. ಯಂತ್ರ ನಿಲ್ಲಿಸಿದೆವು. ಐವತ್ತು ಸಾವಿರದ ಯಂತ್ರ ಮೂಲೆ ಸೇರುವುದನ್ನು ನೋಡಿ ಮಗನಿಗೆ ಬೇಸರವಾಯಿತು, ಅದು ಸಹಜ.

ಪಾಲುಪಟ್ಟಿ

ಆ ದಿನ ಸಾವಿತ್ರಮ್ಮ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ನೇರ ಕೇಳಿದರು. ‘ಮಕ್ಳು ಏನೋ ಮುಚ್ಚಿಡ್ತಿದಾರೆ. ನಂಗೆ ಎಷ್ಟ್ ದಿನ ಇದೆ ಅಂತ ಹೇಳಿ ಡಾಕ್ಟ್ರೇ. ಸಾಯೋಕೆ ಹೆದರಿಕೆ ಇಲ್ಲ. ತೋಟ ನನ್ನ ಹೆಸ್ರಲ್ಲಿದೆ, ಪಾಲು ಮಾಡ್ಬೇಕು.’

ಅವರಿಗೆ ಬೇಕಿದ್ದದ್ದು ಸಾಂತ್ವನವಲ್ಲ, ದಿನಾಂಕ. ದಿನಾಂಕ ನಮ್ಮಲ್ಲಿ ಇರಲಿಲ್ಲ. ಇದ್ದದ್ದನ್ನು ಹೇಳಿದೆವು. ನಿಮ್ಮಂಥ ನೂರು ಜನರಲ್ಲಿ ನಾಲ್ಕು ವರ್ಷದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಇರುತ್ತಾರೆ. ನೀವು ಯಾವ ಗುಂಪಿನವರು ಎಂದು ಈಗ ಹೇಳಲು ಬರುವುದಿಲ್ಲ. ಕಾಯಿಲೆ ಒಂದೇ ಸಮ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿದ್ದು ಒಂದು ಸೋಂಕಿಗೆ ನಾಲ್ಕು ದಿನದಲ್ಲಿ ಕೆಡಬಹುದು. ಹಾಗಾಗಿ ಪತ್ರದ ಕೆಲಸ ಚೆನ್ನಾಗಿರುವಾಗಲೇ ಮುಗಿಸಿ. ಅವರು ತಲೆಯಾಡಿಸಿ, ‘ಇಷ್ಟ್ ಹೇಳೋಕೆ ಇಷ್ಟ್ ದಿನ ಬೇಕಾಯ್ತಾ’ ಎಂದರು.

ಯುಗಾದಿ ಕಳೆದ ಮೇಲೆ ಪಾಲುಪಟ್ಟಿ ಆಯಿತು. ಅದೇ ಹೊತ್ತಿಗೆ ಇನ್ನೊಂದು ಮಾತನ್ನೂ ಅವರು ಮಕ್ಕಳ ಮುಂದೆ ಹೇಳಿಬಿಟ್ಟರು. ಮಾಸ್ಕಿನ ಯಂತ್ರ ಇನ್ನೊಮ್ಮೆ ಬೇಕಾದರೂ ಹಾಕಿ, ಗಂಟಲಿಗೆ ಕೊಳವೆ ಬೇಡ. ಅದನ್ನು ಫೈಲಿನಲ್ಲಿ ಬರೆದಿಟ್ಟೆವು.

ನಂತರದ ವರ್ಷಗಳು

ಎರಡು ವರ್ಷ ಆಸ್ಪತ್ರೆ ಸೇರಲಿಲ್ಲ. ಮಳೆಗಾಲದಲ್ಲಿ ಒಂದೊಂದು ಸಲ ಕಫದ ಬಣ್ಣ ತಿರುಗಿದಾಗ ಮನೆಯಲ್ಲೇ ಔಷಧಿ ಶುರು ಮಾಡಿ ಫೋನ್ ಮಾಡುತ್ತಿದ್ದರು. ಬಿಪಿಗೆ ಮಾತ್ರೆ ನಡೆಯುತ್ತಿತ್ತು. ಸಿಒಪಿಡಿ ಇರುವವರಲ್ಲಿ ಹೃದಯಾಘಾತವೂ ಹೆಚ್ಚು, ಅದರಲ್ಲೂ ಉಲ್ಬಣದ ನಂತರದ ವಾರಗಳಲ್ಲಿ. ಆ ಕಡೆ ಗಮನ ಕೊಡದೆ ಬರೀ ಶ್ವಾಸಕೋಶ ನೋಡುತ್ತಾ ಕೂರುವುದು ನಮ್ಮ ವಿಭಾಗದ ಹಳೆಯ ಚಾಳಿ.

ಮೂರನೇ ವರ್ಷ ಒಮ್ಮೆ ದಾಖಲಾದರು, ಐದು ದಿನದಲ್ಲಿ ಹೊರಬಂದರು. ಆಮೇಲೆ ನಡಿಗೆ ಮೊದಲಿನಷ್ಟಕ್ಕೆ ಮರಳಲಿಲ್ಲ. ಆಕ್ಸಿಜನ್ ಮಟ್ಟ 87ಕ್ಕೆ ಇಳಿದು ಅಲ್ಲೇ ನಿಂತಾಗ ಮೂಲೆಯ ಯಂತ್ರ ಮತ್ತೆ ಹೊರಬಂತು. ಈ ಸಲ ಗುಂಡಿಯ ಮೇಲೆ ಯಜಮಾನರೇ ಟೇಪ್ ಅಂಟಿಸಿದ್ದರು, 1.5 ಲೀಟರ್ ದಾಟದ ಹಾಗೆ. ಮೊದಲ ದಾಖಲಾತಿಯಾಗಿ ನಾಲ್ಕೂವರೆ ವರ್ಷ ಕಳೆದ ಮೇಲೆ, ಜುಲೈನಲ್ಲಿ, ನ್ಯುಮೋನಿಯಾ ಆಯಿತು. ಬೈಪ್ಯಾಪ್ ಹಾಕಿದೆವು. ಸಾಲಲಿಲ್ಲ. ಕೊಳವೆಯ ಪ್ರಶ್ನೆ ಬಂದಾಗ ಮಕ್ಕಳು ಜಗಳವಾಡಬೇಕಾಗಲಿಲ್ಲ. ಉಸಿರಾಟದ ಸಂಕಟ ಕಡಿಮೆ ಮಾಡುವ ಔಷಧಿ ಕೊಟ್ಟೆವು. ಐದನೇ ದಿನ ತೀರಿಕೊಂಡರು.

ನಡಿಗೆ, ಇನ್‌ಹೇಲರ್, ಬಚ್ಚಲೊಲೆಯ ಬದಲಾವಣೆ ಅವರ ಆಯಸ್ಸಿಗೆ ಎಷ್ಟು ವರ್ಷ ಸೇರಿಸಿದವು? ಒಂದು ಪ್ರಕರಣದಿಂದ ಹೇಳಲು ಬರುವುದಿಲ್ಲ. ಶೇಕಡ 18ರ ಗುಂಪಿನಲ್ಲಿದ್ದರೂ ಆ ಹದಿನೆಂಟರಲ್ಲಿ ಒಬ್ಬರಾಗಿರಬಹುದಿತ್ತು. ಖಚಿತವಾಗಿ ಹೇಳಬಹುದಾದದ್ದು ಇದು. ಕೆಟ್ಟ ವಾರದ ಅಂಕಿಯನ್ನು ನಂಬಿ ಅವರನ್ನು ಮಂಚಕ್ಕೆ ಕೂರಿಸಿದ್ದರಿಂದ, ಆಕ್ಸಿಜನ್ ಏರಿಸಿದ್ದರಿಂದ, ಎರಡು ವಾರದೊಳಗೆ ಸಾವಿನ ಹತ್ತಿರ ಹೋಗಿದ್ದರು. ಅಂಕಿ ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದರಲ್ಲಿತ್ತು.

ಈಗ ನಮ್ಮ ಡಿಸ್ಚಾರ್ಜ್ ಹಾಳೆಯಲ್ಲಿ ಊದುವ ಪರೀಕ್ಷೆಯ ಅಂಕಿಯ ಪಕ್ಕ ‘ಉಲ್ಬಣದ ಸಮಯದ್ದು, ಮತ್ತೆ ಅಳೆಯಬೇಕು’ ಎಂದು ಬರೆದು ದಿನಾಂಕ ಹಾಕುತ್ತೇವೆ. ಆಕ್ಸಿಜನ್ನಿನ ಗುರಿ 88–92 ಎಂದು ದೊಡ್ಡ ಅಕ್ಷರದಲ್ಲಿ, ಯಾಕೆ ಎಂಬುದೂ ಸೇರಿ, ಕನ್ನಡದಲ್ಲಿರುತ್ತದೆ. ಹೊಗೆಯ ಪ್ರಶ್ನೆ ಮೂರಾಗಿದೆ: ಅಡುಗೆ ಯಾವುದರಲ್ಲಿ, ಸ್ನಾನದ ನೀರು ಯಾವುದರಲ್ಲಿ, ಅಡಿಕೆ ಬೇಯಿಸುವವರು ಯಾರು.

ಸೊಸೆಗೂ ಊದಿಸಿ ನೋಡಿದೆವು. ಅವರಿಗೆ 38 ವರ್ಷ, ಅದೇ ಬಚ್ಚಲು, ಅದೇ ಅಡಿಕೆ ಒಲೆ. ಫಲಿತಾಂಶ ಸದ್ಯಕ್ಕೆ ಸಹಜ ಮಿತಿಯಲ್ಲಿದೆ, ಆದರೆ ಕೆಳಗಿನ ಅಂಚಿಗೆ ಹತ್ತಿರ. ಎರಡು ವರ್ಷಕ್ಕೊಮ್ಮೆ ಬರಲು ಹೇಳಿದ್ದೇವೆ. ಕೊಯ್ಲಿನ ಕಾಲದಲ್ಲಿ ಬೇಯಿಸುವ ಕೆಲಸಕ್ಕೆ ಆಳು ಸಿಗದಿದ್ದರೆ ಏನು ಮಾಡೋದು ಎಂದು ಅವರು ಕೇಳಿದ್ದಾರೆ. ಒಲೆಯನ್ನು ಅಂಗಳದ ಗಾಳಿ ಬೀಸುವ ಕಡೆಗೆ ಸರಿಸುವುದು, ಗಂಡನೂ ಸರದಿಗೆ ಕೂರುವುದು ಎಂಬಲ್ಲಿಗೆ ಮಾತು ನಿಂತಿದೆ.